ಶಾಲೆಯ ಆಡಳಿತ ಯಾರ ಕೈಯಲ್ಲಿ? ನ್ಯೂಯಾರ್ಕ್ ನಗರದ ಎರಡು ಶತಮಾನಗಳ ಜಗಳ

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲವಾದುದರಿಂದ ಅಲ್ಲಿ ಶಾಲೆಗಳ ಹೊಣೆ ರಾಜ್ಯಗಳ ಪಾಲಿಗೆ ಬಂದಿದೆ. ರಾಜ್ಯಗಳಾದರೋ ಅದರ ಬಹುಭಾಗವನ್ನು ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಘಟಕಗಳಿಗೆ ವಹಿಸಿಕೊಟ್ಟಿವೆ. ಇದು ಕಂದಾಯ ಜಿಲ್ಲೆಯಲ್ಲ. ಕರ್ನಾಟಕದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಹಾಗೆ ರಾಜ್ಯದ ಇಲಾಖೆಯ ಕೈಕೆಳಗಿನ ಕಚೇರಿಯೂ ಅಲ್ಲ. ಶಿಕ್ಷಕರನ್ನು ನೇಮಿಸುವುದು, ಕಟ್ಟಡ ಕಟ್ಟಿಸುವುದು, ಮಕ್ಕಳಿಗೆ ಬಸ್ಸು ಮತ್ತು ಊಟ ಒದಗಿಸುವುದು, ಹಲವೆಡೆ ಇದಕ್ಕೆಲ್ಲ ಬೇಕಾದ ಆಸ್ತಿ ತೆರಿಗೆಯನ್ನು ತಾನೇ ವಿಧಿಸುವುದು, ಇವೆಲ್ಲವೂ ಆ ಜಿಲ್ಲೆಯದೇ ಕೆಲಸ. ದೇಶದಲ್ಲಿ ಇಂಥ ಸುಮಾರು 13,000 ಜಿಲ್ಲೆಗಳಿದ್ದು, ಹೆಚ್ಚಿನವು ಕೆಲವೇ ಸಾವಿರ ಮಕ್ಕಳಿರುವ ಸಣ್ಣ ಊರುಗಳವು. ಇವೆಲ್ಲಕ್ಕೂ ದೊಡ್ಡದು ನ್ಯೂಯಾರ್ಕ್ ನಗರದ ಜಿಲ್ಲೆ. ಸುಮಾರು 1,600 ಶಾಲೆಗಳಲ್ಲಿ ಹತ್ತಿರ ಹತ್ತಿರ ಒಂಬತ್ತು ಲಕ್ಷ ಮಕ್ಕಳು ಅಲ್ಲಿ ಓದುತ್ತಾರೆ. ವರ್ಷದ ವೆಚ್ಚ 4,000 ಕೋಟಿ ಡಾಲರಿನ ಆಸುಪಾಸಿನಲ್ಲಿದೆ. ಇಷ್ಟು ದೊಡ್ಡ ವ್ಯವಸ್ಥೆಯನ್ನು ನಡೆಸಬೇಕಾದವರು ನಗರಾಡಳಿತದವರೋ, ವೃತ್ತಿಪರ ಶಿಕ್ಷಕರೋ, ಆಯಾ ಬಡಾವಣೆಯ ಪಾಲಕರೋ ಎಂಬ ಪ್ರಶ್ನೆಗೆ ಆ ನಗರ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೊದಲಿಗೆ ಉತ್ತರ ಕೊಟ್ಟವರು ಸಿರಿವಂತ ದಾನಿಗಳು. 1805ರಲ್ಲಿ ಹುಟ್ಟಿದ ‘ಫ್ರೀ ಸ್ಕೂಲ್ ಸೊಸೈಟಿ’ ಎಂಬ ಖಾಸಗಿ ಸಂಘ, ಯಾವ ಚರ್ಚಿನ ಆಶ್ರಯವೂ ಇಲ್ಲದ ಬಡ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಬರಬರುತ್ತಾ ಸರ್ಕಾರದ ಹಣವನ್ನೂ ಪಡೆಯತೊಡಗಿತು. ಈ ಶಾಲೆಗಳು ಯಾವ ಪಂಥಕ್ಕೂ ಸೇರಿದವಲ್ಲ ಎಂದು ಹೇಳಿಕೊಂಡರೂ ಅಲ್ಲಿ ಓದಿಸುತ್ತಿದ್ದುದು ಪ್ರಾಟೆಸ್ಟಂಟರ ಬೈಬಲ್ಲನ್ನು. ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕರ ಪರವಾಗಿ ಬಿಷಪ್ ಜಾನ್ ಹ್ಯೂಸ್ ಇದನ್ನು ಗಟ್ಟಿಯಾಗಿ ಪ್ರತಿಭಟಿಸಿ, ತಮ್ಮ ಶಾಲೆಗಳಿಗೂ ಸಾರ್ವಜನಿಕ ಹಣದಲ್ಲಿ ಪಾಲು ಬೇಕೆಂದು ಕೇಳಿದರು. 1842ರ ಕಾನೂನು ಚುನಾಯಿತ ಶಿಕ್ಷಣ ಮಂಡಳಿಯೊಂದನ್ನು ಸ್ಥಾಪಿಸಿ, ಧರ್ಮಬೋಧನೆ ಮಾಡುವ ಶಾಲೆಗೆ ಹಣವಿಲ್ಲ ಎಂದು ತೀರ್ಮಾನಿಸಿತು. ಹ್ಯೂಸ್ ಕೇಳಿದ್ದು ಅವರಿಗೆ ಸಿಗಲಿಲ್ಲ, ದಾನಿಗಳ ಸಂಘದ ಹಿಡಿತವೂ ಉಳಿಯಲಿಲ್ಲ. ಶಾಲೆ ಮಾತ್ರ ಸಾರ್ವಜನಿಕರ ಸ್ವತ್ತಾಯಿತು.

1898ರಲ್ಲಿ ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಸ್ಟೇಟನ್ ಐಲೆಂಡ್ ಎಂಬ ಐದು ಭಾಗಗಳು ಒಂದೇ ಮಹಾನಗರವಾಗಿ ಕೂಡಿಕೊಂಡಾಗ ಶಾಲೆಗಳ ಆಡಳಿತವೂ ಕೇಂದ್ರದ ಕಡೆಗೆ ಸರಿಯಿತು. ಪೂರ್ವ ಮತ್ತು ದಕ್ಷಿಣ ಯುರೋಪಿನಿಂದ ಹಡಗು ಹಡಗಾಗಿ ಬಂದಿಳಿಯುತ್ತಿದ್ದ ವಲಸಿಗರ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಪ್ರತ್ಯೇಕ ತರಗತಿಗಳು ನಡೆದವು. ಜಾಗ ಸಾಲದೆ ಕೆಲವು ಶಾಲೆಗಳು ಪಾಳಿಯ ಮೇಲೆ ನಡೆದವು. ಆ ಕಾಲದ ನೆನಪಾಗಿ ಉಳಿದಿರುವುದು ಸಿ.ಬಿ.ಜೆ. ಸ್ನೈಡರ್ ಎಂಬ ವಾಸ್ತುಶಿಲ್ಪಿಯ ಕಟ್ಟಡಗಳು. 1891ರಿಂದ ಮೂರು ದಶಕಗಳ ಕಾಲ ಶಾಲಾ ಕಟ್ಟಡಗಳ ಮೇಲ್ವಿಚಾರಕರಾಗಿದ್ದ ಇವರು, ಬೆಲೆ ಗಗನಕ್ಕೇರಿದ್ದ ಮೂಲೆ ನಿವೇಶನಗಳನ್ನು ಬಿಟ್ಟು, ಎರಡೂ ಬದಿಗೆ ಬೇರೆ ಕಟ್ಟಡಗಳು ಒತ್ತಿಕೊಂಡಿರುವ ಬೀದಿ ನಡುವಿನ ಅಗ್ಗದ ನಿವೇಶನಗಳನ್ನು ಆರಿಸಿಕೊಂಡರು. ಅಲ್ಲಿ ಗಾಳಿ ಬೆಳಕು ಬರುವುದು ಹೇಗೆಂಬುದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಕಟ್ಟಡವನ್ನು ರೋಮನ್ ಲಿಪಿಯ ‘ಎಚ್’ ಅಕ್ಷರದ ಆಕಾರದಲ್ಲಿ ಕಟ್ಟುವುದು: ಮುಂದೊಂದು ಹಿಂದೊಂದು ತೆರೆದ ಅಂಗಳ, ಅವುಗಳತ್ತ ಮುಖಮಾಡಿದ ದೊಡ್ಡ ಕಿಟಕಿಗಳ ಸಾಲು, ಗದ್ದಲದ ಬೀದಿಯಿಂದ ಸಾಕಷ್ಟು ದೂರ ಕುಳಿತ ತರಗತಿಗಳು. ನೂರು ವರ್ಷ ದಾಟಿದ ಅಂಥ ಎಷ್ಟೋ ಕಟ್ಟಡಗಳಲ್ಲಿ ಇಂದಿಗೂ ಮಕ್ಕಳು ಓದುತ್ತಿದ್ದಾರೆ. ನಗರದ ಶಾಲಾ ಇತಿಹಾಸದಲ್ಲಿ ಯಾರೂ ಜಗಳವಾಡದೆ ಒಪ್ಪಿಕೊಂಡ ಸುಧಾರಣೆ ಬಹುಶಃ ಇದೊಂದೇ.

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ನಗರದ ಜನಸಂಖ್ಯೆಯ ಸ್ವರೂಪವೇ ಬದಲಾಯಿತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನಾಂಗದವರೂ ಪೋರ್ಟೊ ರಿಕೊ ದ್ವೀಪದವರೂ ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರೆ, ಬಿಳಿಯ ಕುಟುಂಬಗಳು ಹೊರವಲಯದ ಊರುಗಳಿಗೆ ಹೋದವು. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ನ್ಯೂಯಾರ್ಕಿನಲ್ಲಿ ಅಂಥ ಕಾನೂನೇನೂ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಮಗು ತನ್ನ ಮನೆಯ ವಲಯದ ಶಾಲೆಗೇ ಹೋಗಬೇಕೆಂಬ ನಿಯಮ, ಬಡಾವಣೆಗಳೇ ಬಣ್ಣದ ಪ್ರಕಾರ ಒಡೆದುಹೋಗಿದ್ದ ನಗರದಲ್ಲಿ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಇದನ್ನು ವಿರೋಧಿಸಿ 1964ರ ಫೆಬ್ರವರಿ 3ರಂದು ಪಾದ್ರಿ ಮಿಲ್ಟನ್ ಗ್ಯಾಲಮಿಸನ್ ಮತ್ತು ನಾಗರಿಕ ಹಕ್ಕುಗಳ ಹೋರಾಟಗಾರ ಬಯಾರ್ಡ್ ರಸ್ಟಿನ್ ಕರೆಕೊಟ್ಟ ಶಾಲಾ ಬಹಿಷ್ಕಾರದ ದಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ತರಗತಿಗೆ ಬರಲಿಲ್ಲ. ಹಿಂದಿನ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ವಾಷಿಂಗ್ಟನ್ ಮೆರವಣಿಗೆಯಲ್ಲಿ ಸೇರಿದ್ದು ಸುಮಾರು ಎರಡೂವರೆ ಲಕ್ಷ ಜನ. ಆದರೂ ನಾಗರಿಕ ಹಕ್ಕುಗಳ ಚರಿತ್ರೆಯಲ್ಲಿ ಮೆರವಣಿಗೆ ಉಳಿದಷ್ಟು ಈ ಬಹಿಷ್ಕಾರ ಉಳಿಯಲಿಲ್ಲ. ಉತ್ತರದ ಉದಾರವಾದಿ ನಗರವೊಂದು ತನ್ನ ಮೇಲೆ ಬಂದ ಆರೋಪವನ್ನು ನೆನಪಿಟ್ಟುಕೊಳ್ಳಲು ಬಯಸದಿದ್ದುದು ಸಹಜವೇ ಇರಬೇಕು.

ಶಾಲೆಗಳು ಕೂಡಿ ನಡೆಯುವ ಭರವಸೆ ಕಮರಿದಾಗ ಅನೇಕ ಕಪ್ಪು ಪಾಲಕರು ಬೇಡಿಕೆಯನ್ನೇ ಬದಲಿಸಿದರು: ಬಿಳಿಯ ಮಕ್ಕಳು ತಮ್ಮ ಶಾಲೆಗೆ ಬರುವುದಿಲ್ಲವೆಂದಾದರೆ, ಆ ಶಾಲೆಯನ್ನು ನಡೆಸುವ ಅಧಿಕಾರವಾದರೂ ತಮಗೆ ಸಿಗಲಿ ಎಂದರು. ಇದನ್ನೇ ‘ಸಮುದಾಯ ನಿಯಂತ್ರಣ’ ಎಂದು ಕರೆಯಲಾಯಿತು. 1967ರಲ್ಲಿ ಮೂರು ಕಡೆ ಇದರ ಪ್ರಯೋಗ ಆರಂಭವಾಗಿ, ಬ್ರೂಕ್ಲಿನ್ನಿನ ಓಷನ್ ಹಿಲ್–ಬ್ರೌನ್ಸ್‌ವಿಲ್‌ನಲ್ಲಿ ಸ್ಥಳೀಯ ಮಂಡಳಿಯೊಂದು ಚುನಾಯಿತವಾಯಿತು. ಅದರ ಆಡಳಿತಾಧಿಕಾರಿ ರೋಡಿ ಮೆಕಾಯ್. 1968ರ ಮೇ ತಿಂಗಳಲ್ಲಿ ಈ ಮಂಡಳಿ ಹತ್ತೊಂಬತ್ತು ಮಂದಿ ಶಿಕ್ಷಕರು ಮತ್ತು ಮೇಲ್ವಿಚಾರಕರಿಗೆ, ಇನ್ನು ಮುಂದೆ ತಮ್ಮ ಶಾಲೆಗಳಲ್ಲಿ ಅವರ ಸೇವೆ ಬೇಡ, ಕೇಂದ್ರ ಕಚೇರಿಗೆ ಹೋಗಿ ವರದಿ ಮಾಡಿಕೊಳ್ಳಲಿ ಎಂದು ಪತ್ರ ಕಳುಹಿಸಿತು. ಪತ್ರ ಪಡೆದವರಲ್ಲಿ ಬಹುತೇಕರು ಯೆಹೂದ್ಯರು. ಮಂಡಳಿಯ ದೃಷ್ಟಿಯಲ್ಲಿ ಅದು ವರ್ಗಾವಣೆ. ಆಲ್ಬರ್ಟ್ ಶಾಂಕರ್ ನಾಯಕತ್ವದ ಶಿಕ್ಷಕರ ಸಂಘದ ದೃಷ್ಟಿಯಲ್ಲಿ ಅದು ವಿಚಾರಣೆಯೇ ಇಲ್ಲದ ವಜಾ. ಆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಸಂಘ ಮೂರು ಬಾರಿ ಮುಷ್ಕರ ಹೂಡಿದ್ದರಿಂದ ಹತ್ತು ಲಕ್ಷ ಮಕ್ಕಳ ಶಾಲೆಗಳು ಒಟ್ಟು 36 ದಿನ ಸರಿಯಾಗಿ ನಡೆಯಲಿಲ್ಲ. ಕಾರ್ಮಿಕ ಹಕ್ಕು ಮತ್ತು ಜನಾಂಗೀಯ ನ್ಯಾಯ, ಅಲ್ಲಿಯವರೆಗೆ ಒಂದೇ ಪಾಳಯದಲ್ಲಿದ್ದ ಈ ಎರಡು ಆಶಯಗಳು ಎದುರುಬದುರಾದವು. ಕಪ್ಪು ಜನರ ಮತ್ತು ಯೆಹೂದ್ಯರ ನಡುವೆ ಆಗ ಬಿದ್ದ ಬಿರುಕು ನಗರದ ರಾಜಕಾರಣದಲ್ಲಿ ದಶಕಗಳ ಕಾಲ ಕಾಣುತ್ತಿತ್ತು. ಎರಡೂ ಕಡೆ ನ್ಯಾಯವಿತ್ತು. ಎರಡೂ ಕಡೆಯ ನ್ಯಾಯಕ್ಕೆ ಒಟ್ಟಿಗೆ ಜಾಗ ಮಾಡಿಕೊಡುವ ಜಾಣ್ಮೆ ಮಾತ್ರ ಆಡಳಿತದಲ್ಲಿ ಇರಲಿಲ್ಲ.

1969ರ ಕಾನೂನು ಒಂದು ರಾಜಿಸೂತ್ರ. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳನ್ನು ಸಮುದಾಯ ಜಿಲ್ಲೆಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಚುನಾಯಿತ ಮಂಡಳಿಯನ್ನು ಕೊಡಲಾಯಿತು; ಇವುಗಳ ಸಂಖ್ಯೆ ಮುಂದೆ 32ಕ್ಕೆ ನಿಂತಿತು. ಪೌರತ್ವವಿಲ್ಲದ ಪಾಲಕರಿಗೂ ಇಲ್ಲಿ ಮತದಾನದ ಹಕ್ಕಿತ್ತೆಂಬುದು ಗಮನಾರ್ಹ. ಆದರೆ ಮತ ಹಾಕಲು ಬಂದವರು ಕಡಿಮೆ, ಎಷ್ಟೋ ಚುನಾವಣೆಗಳಲ್ಲಿ ಶೇಕಡಾ ಹತ್ತಕ್ಕೂ ಕಡಿಮೆ. ಹಾಗಾಗಿ ಸಂಘಟಿತ ಗುಂಪುಗಳು ಸುಲಭವಾಗಿ ಗೆದ್ದವು, ಕೆಲವು ಮಂಡಳಿಗಳಲ್ಲಿ ಹುದ್ದೆಗಳು ಬೇಕಾದವರಿಗೆ ಹಂಚುವ ಪ್ರಸಾದವಾದವು. 2002ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಒತ್ತಾಯಕ್ಕೆ ಮಣಿದು ರಾಜ್ಯ ಶಾಸನಸಭೆ ಇಡೀ ವ್ಯವಸ್ಥೆಯನ್ನು ಮೇಯರ್ ಕೈಗೆ ಕೊಟ್ಟಿತು. ಶಾಲೆಗಳ ಮುಖ್ಯಾಧಿಕಾರಿಯಾದ ಚಾನ್ಸಲರ್ ನೇಮಕ ಅಂದಿನಿಂದ ಮೇಯರ್‌ದೇ. ಬ್ಲೂಮ್‌ಬರ್ಗ್ ಆರಿಸಿದ್ದು ಮೈಕ್ರೋಸಾಫ್ಟ್ ವಿರುದ್ಧ ಸರ್ಕಾರದ ಮೊಕದ್ದಮೆ ನಡೆಸಿದ್ದ ವಕೀಲ ಜೋಯೆಲ್ ಕ್ಲೈನ್ ಅವರನ್ನು. ಶಿಕ್ಷಣ ಇಲಾಖೆಯ ಕಚೇರಿ ಬ್ರೂಕ್ಲಿನ್ನಿನಿಂದ ಮೇಯರ್ ಕಚೇರಿಯಿರುವ ಸಿಟಿ ಹಾಲ್ ಹಿಂಬದಿಯ ಟ್ವೀಡ್ ಕೋರ್ಟ್‌ಹೌಸ್‌ಗೆ ಬಂತು; ಆ ಕಟ್ಟಡ ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕಟ್ಟುವ ನೆಪದಲ್ಲೇ ಲೂಟಿ ಮಾಡಿದ ರಾಜಕಾರಣಿಯ ಹೆಸರಿನಿಂದ ಪ್ರಸಿದ್ಧವೆಂಬುದು ಬೇರೆ ಮಾತು.

ಕ್ಲೈನ್ ಕಾಲದ ಸುಧಾರಣೆಗಳಲ್ಲಿ, ದೊಡ್ಡ ಹೈಸ್ಕೂಲುಗಳನ್ನು ಮುಚ್ಚಿ ಸಣ್ಣವನ್ನು ತೆರೆದದ್ದೂ ಸೇರಿದಂತೆ, ಹಲವು ಇಂದಿಗೂ ವಿವಾದಾಸ್ಪದ. ಹೈಸ್ಕೂಲು ಪ್ರವೇಶದ ಹೊಸ ಪದ್ಧತಿ ಮಾತ್ರ ಉಳಿದುಕೊಂಡಿತು. ಅದಕ್ಕೆ ಮುಂಚೆ ಎಂಟನೆಯ ತರಗತಿಯ ಮಕ್ಕಳು ಐದು ಶಾಲೆಗಳನ್ನು ಕೇಳಬಹುದಿತ್ತು. ಶಾಲೆಗಳು ತಮ್ಮಷ್ಟಕ್ಕೆ ಸೀಟು ಕೊಡುತ್ತಿದ್ದುದರಿಂದ ಕೆಲವರಿಗೆ ನಾಲ್ಕೈದು ಸೀಟು, ಹಲವರಿಗೆ ಒಂದೂ ಇಲ್ಲ. ಕೊನೆಗೆ ಸುಮಾರು 30,000 ಮಕ್ಕಳನ್ನು ಅವರು ಕೇಳದಿದ್ದ ಶಾಲೆಗೆ ಕಳುಹಿಸಲಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಆಲ್ವಿನ್ ರೋತ್ ಮತ್ತು ಇಬ್ಬರು ಸಹೋದ್ಯೋಗಿಗಳು ರೂಪಿಸಿದ ಕ್ರಮದಲ್ಲಿ ಪ್ರತಿ ವಿದ್ಯಾರ್ಥಿ ತನ್ನ ಆಯ್ಕೆಗಳನ್ನು (ಆರಂಭದಲ್ಲಿ ಗರಿಷ್ಠ ಹನ್ನೆರಡು) ಇಷ್ಟದ ಅನುಕ್ರಮದಲ್ಲಿ ಬರೆಯುತ್ತಾನೆ, ಶಾಲೆಗಳೂ ತಮ್ಮ ನಿಯಮದ ಪ್ರಕಾರ ಅರ್ಜಿದಾರರ ಅನುಕ್ರಮ ಸಿದ್ಧಪಡಿಸುತ್ತವೆ. ಕಂಪ್ಯೂಟರ್ ಮೊದಲು ಎಲ್ಲರ ಹೆಸರನ್ನೂ ಅವರವರ ಮೊದಲ ಆಯ್ಕೆಯ ಶಾಲೆಯ ಮುಂದಿಡುತ್ತದೆ. ಶಾಲೆ ಸೀಟುಗಳಿರುವಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು ಉಳಿದವರನ್ನು ಬಿಡುತ್ತದೆ. ಬಿಡಲ್ಪಟ್ಟವರು ತಮ್ಮ ಎರಡನೆಯ ಆಯ್ಕೆಗೆ ಹೋಗುತ್ತಾರೆ, ಅಲ್ಲಿ ಅವರ ಸ್ಥಾನ ಮೇಲಿದ್ದರೆ ಈಗಾಗಲೇ ಕುಳಿತವರೊಬ್ಬರು ಎದ್ದು ಮುಂದಿನ ಶಾಲೆಗೆ ನಡೆಯಬೇಕು. ಯಾರೂ ಏಳಬೇಕಾದ ಪ್ರಸಂಗ ಬಾರದಿದ್ದಾಗ ಪಟ್ಟಿ ಅಂತಿಮವಾಗುತ್ತದೆ. ಇದರಲ್ಲಿ ಲೆಕ್ಕಾಚಾರ ಹಾಕಿ ಸುಳ್ಳು ಅನುಕ್ರಮ ಬರೆಯುವುದರಿಂದ ಲಾಭವಿಲ್ಲ. ಮೊದಲ ವರ್ಷವೇ 30,000 ಎಂಬುದು ಸುಮಾರು 3,000ಕ್ಕೆ ಇಳಿಯಿತು. ರೋತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಶಾಲೆಯ ಅನುಕ್ರಮದಲ್ಲಿ ಸಮಾನರಾಗಿ ನಿಂತವರ ನಡುವೆ ಆರಿಸಲು ಪ್ರತಿ ಮಗುವಿಗೂ ಕೊಡುವ ಲಾಟರಿ ಸಂಖ್ಯೆ ಅಂಕಿ ಅಕ್ಷರಗಳು ಬೆರೆತ ಉದ್ದನೆಯ ಸರಣಿ. ಅದರ ಮೊದಲ ಎರಡು ಚಿಹ್ನೆಗಳನ್ನು ನೋಡಿಯೇ ಮಗುವಿನ ಅದೃಷ್ಟವನ್ನು ಅಳೆಯುವುದನ್ನು ಪಾಲಕರು ಕಲಿತುಬಿಟ್ಟಿದ್ದಾರೆ.

ಗಣಿತ ನ್ಯಾಯವಾಗಿ ಹಂಚಬಲ್ಲದು, ಒಳ್ಳೆಯ ಸೀಟುಗಳನ್ನು ಹೆಚ್ಚಿಸಲಾರದು. ಇದು ಎದ್ದು ಕಾಣುವುದು ಸ್ಟೈವಸಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಮೊದಲಾದ ಎಂಟು ವಿಶೇಷ ಹೈಸ್ಕೂಲುಗಳಲ್ಲಿ. ಇಲ್ಲಿ ಪ್ರವೇಶ ಒಂದೇ ಒಂದು ಲಿಖಿತ ಪರೀಕ್ಷೆಯ ಮೇಲೆ, ಹಾಗಿರಬೇಕೆಂದು 1971ರ ರಾಜ್ಯ ಕಾನೂನೇ ಹೇಳುತ್ತದೆ. 2019ರಲ್ಲಿ ಸ್ಟೈವಸಂಟ್ ಕೊಟ್ಟ 895 ಸೀಟುಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಸಿಕ್ಕಿದ್ದು ಏಳು. ಪರೀಕ್ಷೆಯನ್ನು ಕೈಬಿಡಬೇಕೆಂದು ಮೇಯರ್ ಬಿಲ್ ಡಿ ಬ್ಲಾಸಿಯೊ ಪಟ್ಟುಹಿಡಿದಾಗ ಅದನ್ನು ಬಲವಾಗಿ ವಿರೋಧಿಸಿದವರು ಶ್ರೀಮಂತ ಬಿಳಿಯರಲ್ಲ, ಆ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಏಷ್ಯಾ ಮೂಲದ ಮಕ್ಕಳ ಪಾಲಕರು. ಇವರಲ್ಲಿ ಅನೇಕರು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಟ್ಯೂಷನ್ನಿಗೆ ಕಳುಹಿಸಿದ ಚೀನೀ, ಬಾಂಗ್ಲಾದೇಶಿ, ಭಾರತೀಯ ವಲಸಿಗರು. ಪರೀಕ್ಷೆಯೊಂದೇ ವಶೀಲಿ ನಡೆಯದ ಬಾಗಿಲು ಎಂಬ ಅವರ ನಂಬಿಕೆಯನ್ನು ಸಿಇಟಿ ಬರೆಸಿದ ಕರ್ನಾಟಕದ ಯಾವ ಪಾಲಕರಿಗೂ ವಿವರಿಸಿ ಹೇಳಬೇಕಾಗಿಲ್ಲ. ಕೊನೆಗೆ ಪರೀಕ್ಷೆಯನ್ನು ಕೈಬಿಡುವ ಮಸೂದೆ ಬಿದ್ದುಹೋಯಿತು.

ಇನ್ನು ಹಣದ ಮಾತು. ನ್ಯೂಯಾರ್ಕ್ ಜಿಲ್ಲೆಗೆ ಸ್ವಂತ ತೆರಿಗೆ ಹಾಕುವ ಅಧಿಕಾರವಿಲ್ಲ. ನಗರದ ಮತ್ತು ರಾಜ್ಯದ ಬಜೆಟ್ಟನ್ನೇ ಅದು ನಂಬಿಕೊಂಡಿದೆ. ರಾಜ್ಯ ಕೊಡುವ ಪಾಲು ಸಾಲದೆಂದು 1993ರಲ್ಲಿ ಪಾಲಕರು ಹೂಡಿದ ದಾವೆಯಲ್ಲಿ, ಎಂಟು ಒಂಬತ್ತನೆಯ ತರಗತಿಯ ಮಟ್ಟದ ಕಲಿಕೆ ಕೊಟ್ಟರೆ ರಾಜ್ಯದ ಕರ್ತವ್ಯ ಮುಗಿಯಿತೆಂದು ಮೇಲ್ಮನವಿ ನ್ಯಾಯಾಲಯ ಹೇಳಿಬಿಟ್ಟಿತ್ತು. ರಾಜ್ಯದ ಅತ್ಯುನ್ನತ ನ್ಯಾಯಾಲಯ 2003ರಲ್ಲಿ ಅದನ್ನು ತಳ್ಳಿಹಾಕಿ, ಅರ್ಥಪೂರ್ಣವಾದ ಹೈಸ್ಕೂಲು ಶಿಕ್ಷಣ ಪ್ರತಿ ಮಗುವಿನ ಹಕ್ಕೆಂದಿತು. ಅದರಂತೆ 2007ರಲ್ಲಿ ಹೊಸ ಅನುದಾನ ಸೂತ್ರ ಬಂತು, ಮರುವರ್ಷದ ಆರ್ಥಿಕ ಕುಸಿತದಲ್ಲಿ ಅದು ನಿಂತಿತು. ಪೂರ್ತಿ ಹಣ ಕೊಡಲು ರಾಜ್ಯ ಒಪ್ಪಿದ್ದು 2021ರಲ್ಲಿ. ದಾವೆ ಹೂಡಿದಾಗ ಒಂದನೆಯ ತರಗತಿಯಲ್ಲಿದ್ದ ಮಗುವಿಗೆ ಅಷ್ಟರಲ್ಲಿ ಮೂವತ್ತು ದಾಟಿತ್ತು.

ನಡುವೆ ಒಳ್ಳೆಯ ಕೆಲಸಗಳೂ ಆಗಿವೆ. 2014ರಿಂದ ನಾಲ್ಕು ವರ್ಷದ ಮಕ್ಕಳಿಗೆಲ್ಲ ಉಚಿತ ಶಿಶುವಿಹಾರ, 2017ರಿಂದ ಎಲ್ಲರಿಗೂ ಉಚಿತ ಮಧ್ಯಾಹ್ನದ ಊಟ, ಕ್ವೀನ್ಸ್‌ನ ಭಾರತೀಯ ಮೂಲದವರ ಬಹುಕಾಲದ ಬೇಡಿಕೆಯಂತೆ 2023ರ ಕಾನೂನಿನ ಮೂಲಕ ದೀಪಾವಳಿಗೆ ರಜೆ, ಇವು ಅಂಥವು. ಇನ್ನೊಂದು ಕಡೆ ಸ್ವಂತ ಮನೆಯಿಲ್ಲದೆ ಆಶ್ರಯಧಾಮಗಳಲ್ಲೋ ಬಂಧುಗಳ ಇಕ್ಕಟ್ಟಿನ ಮನೆಗಳಲ್ಲೋ ಕಾಲ ಕಳೆಯುವ ವಿದ್ಯಾರ್ಥಿಗಳ ಸಂಖ್ಯೆ ವರ್ಷ ವರ್ಷವೂ ಒಂದು ಲಕ್ಷಕ್ಕಿಂತ ಹೆಚ್ಚಿದೆ. ದಾನಿಗಳು, ಮಂಡಳಿ, ಬಡಾವಣೆ, ಮೇಯರ್ ಎಂದು ಅಧಿಕಾರ ಕೈ ಬದಲಾಯಿಸುತ್ತಾ ಬಂದರೂ, ಮಗುವಿನ ಮನೆ ಯಾವ ಬೀದಿಯಲ್ಲಿದೆ ಎಂಬುದಕ್ಕಿರುವ ತೂಕವನ್ನು ಇಳಿಸಲು ಯಾವ ಕೈಗೂ ಸಾಧ್ಯವಾಗಿಲ್ಲ. ಮೇಯರ್ ಅಧಿಕಾರವೂ ಶಾಶ್ವತವಲ್ಲ. ಅದು ಅವಧಿ ಕಟ್ಟಿ ಕೊಟ್ಟದ್ದು, 2024ರಲ್ಲಿ ಶಾಸನಸಭೆ ಅದನ್ನು ವಿಸ್ತರಿಸಿದ್ದು ಎರಡೇ ವರ್ಷಕ್ಕೆ.