ಪುಟ್ಟ ಕೂಸಿನೊಡನೆ ಮೈಸೂರಿನಲ್ಲಿ ಎರಡು ದಿನ

“ಕೂಸು ದೊಡ್ಡದಾಗಲಿ, ಆಮೇಲೆ ಊರು ನೋಡೋಣ” ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುವುದುಂಟು. ನಮ್ಮ ಮನೆಯಲ್ಲಿಯೂ ಎರಡು ವರ್ಷಕಾಲ ಇದೇ ಮಾತು ನಡೆಯಿತು. ಮಗಳು ಹುಟ್ಟಿದಂದಿನಿಂದ ಆಕೆಯ ತಾಯಿ ತವರುಮನೆಗೂ ಆಸ್ಪತ್ರೆಗೂ ಹೊರತು ಬೇರೆಲ್ಲಿಗೂ ಹೋದವಳಲ್ಲ. ಕಡೆಗೊಂದು ಶನಿವಾರ ಬೆಳಿಗ್ಗೆ ಮೂವರೂ ಬೆಂಗಳೂರಿನಲ್ಲಿ ರೈಲು ಹತ್ತಿ, ಸುಮಾರು 140 ಕಿಲೋಮೀಟರು ದೂರದ ಮೈಸೂರಿಗೆ ಹೊರಟೆವು. ಆ ಎರಡು ದಿನಗಳಲ್ಲಿ ನಾವು ಕಲಿತ ಪಾಠವು ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ದಿನದ ತಪ್ಪೆಲ್ಲವೂ ನಮ್ಮದೇ. ಊರು ಸೇರಿದೊಡನೆ, ಮಧ್ಯಾಹ್ನದ ಬಿಸಿಲೆಂಬುದನ್ನೂ ಎಣಿಸದೆ, ನೆಟ್ಟಗೆ ಅರಮನೆಗೆ ನಡೆದೆವು. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಸೌಧವಿದು. ಒಳಗೆ ಹೋಗಬೇಕಾದರೆ ಪಾದರಕ್ಷೆಯನ್ನು ಬಿಡಬೇಕು. ಕಾದ ನೆಲ ಕೂಸಿನ ಅಂಗಾಲನ್ನು ಸುಟ್ಟಿತು. ನಿದ್ದೆಯ ಹೊತ್ತೂ ಮೀರಿತ್ತು. ಅಳು ನಿಲ್ಲದಾಗ ತಾಯಿ ಮಗುವನ್ನೆತ್ತಿಕೊಂಡು ನೆರಳಿನಲ್ಲಿ ಕುಳಿತು, “ನೀವು ನೋಡಿಕೊಂಡು ಬನ್ನಿ” ಎಂದಳು. ನಾವು ಹೋದೆವು. ಒಂದು ಗಂಟೆ ಕಳೆದು ಬಂದು ಕಲ್ಯಾಣಮಂಟಪದ ವೈಭವವನ್ನು ವರ್ಣಿಸತೊಡಗಿದಾಗ ಆಕೆ, “ಕಲಸಿ ತಂದ ಮೊಸರನ್ನ ಹುಳಿಯಾಯಿತು, ಇವಳು ತಿನ್ನಲಿಲ್ಲ” ಎಂದಷ್ಟೇ ಹೇಳಿದಳು.

ರಾತ್ರಿ ಹೋಟೆಲಿನಲ್ಲಿಯೂ ಅದೇ ಕಥೆ. ನಮ್ಮ ದೋಸೆ ಬಿಸಿಯಾಗಿ ಬಂದಿತು, ತಿಂದೆವು. ಆಕೆ ಕೂಸಿಗೆ ಇಡ್ಲಿಯನ್ನು ಚೂರುಚೂರಾಗಿ ತಿನ್ನಿಸಿ ಮುಗಿಸುವ ವೇಳೆಗೆ ಆಕೆಯ ದೋಸೆ ತಣ್ಣಗಾಗಿ ಚರ್ಮದಂತಾಗಿತ್ತು. “ಬೇರೆ ಹೇಳಲೇ?” ಎಂದೆವು. “ಬೇಡಿ. ಮನೆಯಲ್ಲಿಯೂ ಹೀಗೆಯೇ ಅಲ್ಲವೇ?” ಎಂದು ನಕ್ಕಳು. ಆ ನಗು ನಮ್ಮನ್ನು ಚುಚ್ಚಿತು. ಮನೆಯ ದುಡಿಮೆಯನ್ನೇ ಇನ್ನೊಂದು ಊರಿಗೆ ಹೊತ್ತು ತಂದದ್ದಾದರೆ ಆಕೆಗೆ ಈ ಪ್ರಯಾಣದಿಂದ ಬಂದ ಭಾಗ್ಯವೇನು?

ಕೂಸು ಮಲಗಿದ ಮೇಲೆ ಇಬ್ಬರೂ ಕುಳಿತು ಮೂರು ಕಟ್ಟಳೆಗಳನ್ನು ಮಾಡಿಕೊಂಡೆವು. ಬೆಳಿಗ್ಗೆ ಒಂದು, ಸಂಜೆ ಒಂದು, ಇಷ್ಟೇ ನೋಟ. ನಡುವಿನ ಹೊತ್ತು ಕೂಸಿನ ನಿದ್ದೆಗೆ ಮೀಸಲು. ಊಟಕ್ಕೆ ಕುಳಿತಾಗ ದೊಡ್ಡವರಲ್ಲಿ ಒಬ್ಬರು ಮೊದಲು ತಿನ್ನಬೇಕು, ಇನ್ನೊಬ್ಬರು ಕೂಸನ್ನು ನೋಡಿಕೊಳ್ಳಬೇಕು. ಈ ಸರದಿ ಬದಲಾಗುತ್ತಿರಬೇಕು. ಮೂರನೆಯದಾಗಿ, ತಾಯಿಗೆ ಎರಡು ಗಂಟೆಯ ಬಿಡುವು ತಪ್ಪಕೂಡದು.

ಭಾನುವಾರ ಬಿಸಿಲೇರುವ ಮೊದಲೇ ಮೃಗಾಲಯಕ್ಕೆ ಹೋದೆವು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ ಆರಂಭವಾದ ಸಂಸ್ಥೆಯಿದು, ಮಂಗಳವಾರ ರಜೆ. ನೂರೈವತ್ತು ಎಕರೆಗೂ ಮಿಗಿಲಾದ ಈ ತೋಟವನ್ನೆಲ್ಲ ಸುತ್ತಿಸಿದರೆ ಕೂಸು ಸೋತುಹೋಗುತ್ತದೆ. ನಡೆಯಲಾರದವರಿಗೆ ವಿದ್ಯುತ್ ಬಂಡಿಯೂ ಉಂಟು. ನಾವು ಜಿರಾಫೆ, ಆನೆ, ನವಿಲು ಇಷ್ಟಕ್ಕೇ ತೃಪ್ತರಾದೆವು. ಜಿರಾಫೆಯ ಮುಂದೆ ನಿಂತಾಗ ಮಗಳ ಕಣ್ಣೆಲ್ಲ ಹಾದಿಯಲ್ಲಿ ಓಡಾಡುತ್ತಿದ್ದ ಅಳಿಲಿನ ಮೇಲಿತ್ತು. ಅದಕ್ಕೂ ಸಮಯ ಕೊಟ್ಟೆವು. ನವಿಲಿನ ಹೆಸರನ್ನು ಮಾತ್ರ ಅಂದು ಚೆನ್ನಾಗಿ ಕಲಿತಳು.

ಅಲ್ಲಿಂದ ಉಪಾಹಾರಕ್ಕೆ ಹೋದೆವು. ಮೈಸೂರಿನ ಮೃದುವಾದ ಬೆಣ್ಣೆದೋಸೆಯ ಸ್ವಾರಸ್ಯವೆಲ್ಲ ಅದರ ಬಿಸಿಯಲ್ಲಿದೆ. ಈ ಬಾರಿ ಕೂಸು ನಮ್ಮ ತೊಡೆಯ ಮೇಲಿತ್ತು. ಮಾಣಿ ತಂದಿಟ್ಟ ದೋಸೆಯನ್ನು ತಾಯಿ ಬೆಣ್ಣೆ ಕರಗುತ್ತಿರುವಾಗಲೇ ತಿಂದಳು. ಕೇಳದೆಯೇ ಇನ್ನೊಂದಕ್ಕೂ ಹೇಳಿದೆವು. ಕೂಸಿಗೆ ತುಪ್ಪ ಸವರಿದ ಇಡ್ಲಿ. ಪರಸ್ಥಳದಲ್ಲಿ ಚಿಕ್ಕ ಮಕ್ಕಳಿಗೆ ಇಡ್ಲಿ, ಆಗತಾನೆ ಕಲಸಿದ ಮೊಸರನ್ನ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು, ಇವೇ ಕ್ಷೇಮ. ಇಡಿಯ ಕಡಲೆಕಾಯಿ ಬೀಜವು ಗಂಟಲಿಗೆ ಸಿಕ್ಕುವ ಭಯವಿರುವುದರಿಂದ ಕೊಡಬಾರದು. ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಮೊದಲು ಮಾಡಿದರೆಂದು ಪ್ರತೀತಿಯಿರುವ ಮೈಸೂರುಪಾಕನ್ನೂ ಸವಿದೆವು. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಈ ಮೂರರಿಂದಾದ ಭಾರವಾದ ಪದಾರ್ಥವಾದ್ದರಿಂದ ಕೂಸಿಗೆ ಬೆರಳತುದಿಯಷ್ಟೇ ಕೊಟ್ಟೆವು.

ಮಧ್ಯಾಹ್ನ ಕೋಣೆಯಲ್ಲಿ ಕೂಸು ಮಲಗಿತು. ತಾಯಿ ಒಬ್ಬಳೇ ಅರಮನೆಗೆ ಹೊರಟಳು. ಬಾಗಿಲಲ್ಲಿ ಎರಡು ಸಾರಿ ತಿರುಗಿ ನೋಡಿದಳು. “ಹೋಗಿ ಬಾ, ನಾವಿದ್ದೇವೆ” ಎಂದು ಧೈರ್ಯ ಹೇಳಿದೆವು. ನಿಜ ಹೇಳಬೇಕಾದರೆ, ಕೂಸು ಎದ್ದು “ಅಮ್ಮ” ಎಂದು ಅಳತೊಡಗಿದಾಗ ನಮ್ಮ ಧೈರ್ಯ ಉಳಿಯಲಿಲ್ಲ. ಬಾಳೆಹಣ್ಣು ಕೊಟ್ಟೆವು, ಎಸೆಯಿತು. ಕಿಟಕಿಯ ಬಳಿ ಎತ್ತಿ ನಿಲ್ಲಿಸಿ ಬೀದಿಯಲ್ಲಿ ಹೋಗುವ ಟಾಂಗಾಗಳನ್ನು ತೋರಿಸಿದೆವು. ಮೂರನೆಯ ಟಾಂಗಾ ಹಾಯುವ ಹೊತ್ತಿಗೆ ಅಳು ನಿಂತಿತು. ಎಸೆದ ಹಣ್ಣಿನ ಬದಲು ಇನ್ನೊಂದನ್ನು ತಾನೇ ಕೇಳಿ ತಿಂದಿತು. ತಾಯಿಯ ಕೆಲಸ ಎಂಥದೆಂಬುದು ಆ ಎರಡು ಗಂಟೆಗಳಲ್ಲಿ ನಮಗೆ ತಿಳಿದಷ್ಟು ಹಿಂದಿನ ಎರಡು ವರ್ಷಗಳಲ್ಲಿ ತಿಳಿದಿರಲಿಲ್ಲ.

ಆಕೆ ಮುಡಿಯಲ್ಲಿ ಒಂದು ಮೊಳ ಮಲ್ಲಿಗೆಯೊಡನೆ ಹಿಂದಿರುಗಿದಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮಾಡಿಸಿ ತರಿಸಿದ ಬಣ್ಣದ ಗಾಜಿನ ಚಾವಣಿಯನ್ನು, ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳನ್ನು ಆಕೆ ಬಣ್ಣಿಸಿದ ಬಗೆ ಕೇಳಿದರೆ, ನಿನ್ನೆ ನಾವು ಕಂಡದ್ದು ಅರ್ಧವೂ ಇಲ್ಲವೆನ್ನಿಸಿತು. “ಮೇಲೆಲ್ಲ ನವಿಲು ಕಣೇ!” ಎಂದು ಮಗಳನ್ನೆತ್ತಿಕೊಂಡಳು. ಬೆಳಗಿನ ನೆನಪು ಬಂದು ಕೂಸು, “ನವಿಲು, ನವಿಲು” ಎಂದು ಕೈ ತಟ್ಟಿತು.

ಭಾನುವಾರದ ಸಂಜೆ ಅರಮನೆಗೆ ದೀಪಾಲಂಕಾರ. ಏಳು ಗಂಟೆಗೆ ಲಕ್ಷಕ್ಕೆ ಸಮೀಪವಾದ ದೀಪಗಳು ಒಮ್ಮೆಲೇ ಹೊತ್ತಿದಾಗ ಕೂಸು ಅಳು ನಗು ಎರಡನ್ನೂ ಮರೆತು ನೋಡಿತು. ಮೂವರೂ ಕೂಡಿ ಒಂದೇ ನೋಟವನ್ನು ನೋಡಿದ್ದು ಆ ಪ್ರಯಾಣದಲ್ಲಿ ಅದು ಎರಡನೆಯ ಸಲ.

ಚಾಮುಂಡಿಬೆಟ್ಟವನ್ನು ಹತ್ತಲಿಲ್ಲ, ದೊಡ್ಡ ನಂದಿಯನ್ನು ನೋಡಲಿಲ್ಲ, ದೇವರಾಜ ಮಾರುಕಟ್ಟೆಯನ್ನು ಹೊರಗಿನಿಂದಲೇ ಕಂಡೆವು. ಅವು ಎಲ್ಲಿಗೂ ಹೋಗುವುದಿಲ್ಲ. ಚಿಕ್ಕ ಮಕ್ಕಳೊಡನೆ ಹೊರಡುವ ಗೃಹಸ್ಥರು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಲಿ. ಉಳಿದ ಹೊತ್ತಿನಲ್ಲಿ ಮನೆಯಾಕೆಗೆ ಒಂದು ಬಿಸಿ ದೋಸೆಯೂ ಎರಡು ಗಂಟೆಯ ಬಿಡುವೂ ದೊರೆಯುವಂತೆ ನೋಡಿಕೊಳ್ಳಲಿ. ಊರಿಗೆ ಮರಳಿದ ಮೇಲೂ ಆ ಸರದಿಯನ್ನು ನಾವು ಬಿಟ್ಟಿಲ್ಲ.