ಹೊರನಾಡಿನ ಮಾಸ್ತರಿಕೆಯೂ ಹೊರಡುವ ಕಾಲವೂ

ಪಡುಗಡಲ ತಡಿಯಲ್ಲಿ ಹುಟ್ಟಿ ಬೆಳೆದವರಿಗೆ ಅರಬರ ನಾಡು ದೂರದ್ದೆಂದು ತೋರುವುದಿಲ್ಲ. ವಿಜಯನಗರದ ಅರಸರ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಬಸರೂರಿನ ಅಕ್ಕಿಯು ಹಡಗನ್ನೇರಿ ಹೊರನಾಡಿಗೆ ಹೋಗುತ್ತಿದ್ದಿತು. ಈ ಎರಡು ಊರುಗಳ ನಡುವಣ ಶಿರೂರಿನಲ್ಲಿಯೂ ಕೊಲ್ಲಿಯ ನಾಡುಗಳಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಅನೇಕ. ಹಿಂದಿನ ನಾವಿಕನು ಗಾಳಿಯನ್ನು ನೋಡದೆ ಹಾಯಿ ಬಿಚ್ಚುತ್ತಿರಲಿಲ್ಲ. ಮಳೆಗಾಲವು ಮುಗಿಯುವ ತನಕ ಹಡಗನ್ನು ದಡದಲ್ಲಿಯೇ ಇರಿಸುತ್ತಿದ್ದನು. ಇಂದು ಮಂಗಳೂರಿನಿಂದ ದುಬೈಗೆ ಮೂರು ನಾಲ್ಕು ಗಂಟೆಗಳ ಹಾರಾಟವಾದರೂ ಪ್ರಯಾಣಿಕನಿಗೆ ಒಂದು ಋತುವು ಇದ್ದೇ ಇದೆ. ಅದು ಗಾಳಿಯ ಋತುವಲ್ಲ, ಕಾಗದಪತ್ರಗಳ ಋತು.

ಕೊಲ್ಲಿಯ ನಾಡುಗಳಲ್ಲಿ ನಮ್ಮ ದೇಶದ ಪಠ್ಯಕ್ರಮವನ್ನು ಬೋಧಿಸುವ ಶಾಲೆಗಳು ಬಹಳ. ಬಿ.ಎಡ್. ಮುಗಿಸಿದ ನಮ್ಮ ತರುಣರಿಗೂ, ಮನೆಯ ಹೆಣ್ಣುಮಕ್ಕಳಿಗೂ, ಸೊಸೆಯರಿಗೂ ಅಲ್ಲಿ ಕೆಲಸವು ದೊರೆಯುವುದುಂಟು. ಆದರೆ ಕೆಲಸದ ಕಾಗದ ಬಂದೊಡನೆ ಇಲ್ಲಿಯ ಶಾಲೆಗೆ ರಾಜೀನಾಮೆ ಕೊಟ್ಟು, ವಿಮಾನದ ಟಿಕೇಟು ಕೊಂಡು, ಆಮೇಲೆ ವೀಸಾದ ದಾರಿ ಕಾಯುವವರೂ ಇದ್ದಾರೆ. ವೀಸಾ ತಡವಾದರೆ ಇಲ್ಲಿಯ ಸಂಬಳವೂ ಇಲ್ಲ, ಅಲ್ಲಿಯ ಸಂಬಳವೂ ಇಲ್ಲ. ಒಡವೆಯ ಮೇಲೆ ತಂದ ಸಾಲಕ್ಕೆ ಬಡ್ಡಿ ಮಾತ್ರ ತಪ್ಪದು. ಆದುದರಿಂದ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಗೃಹಸ್ಥರ ಮುಂದಿರಿಸಲು ಇಚ್ಛಿಸಿದ್ದೇವೆ.

ಮೊದಲು ಶಾಲೆಯ ವರ್ಷವನ್ನು ತಿಳಿದಿರಬೇಕು. ನಮ್ಮ ರಾಜ್ಯದ ಶಾಲೆಗಳು ಮೇ ಕೊನೆಗೋ ಜೂನ್ ಮೊದಲಿಗೋ ತೆರೆಯುವುವು. ಕೊಲ್ಲಿಯ ಭಾರತೀಯ ಶಾಲೆಗಳಲ್ಲಿ ವರ್ಷಾರಂಭವು ಸಾಮಾನ್ಯವಾಗಿ ಏಪ್ರಿಲಿನಲ್ಲಿ. ಇಂಗ್ಲೆಂಡು ಅಮೆರಿಕಗಳ ಪಠ್ಯಕ್ರಮದ ಶಾಲೆಗಳಲ್ಲಿ ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ. ಏಪ್ರಿಲಿಗೆ ಅಲ್ಲಿರಬೇಕಾದವರು ಮಾರ್ಚಿಯಲ್ಲಿ, ಅಂದರೆ ಇಲ್ಲಿಯ ಪರೀಕ್ಷೆಗಳ ನಡುವಿನಲ್ಲಿಯೇ, ಹೊರಡಬೇಕಾಗುವುದು. ಆಗ ಯಾವ ಮುಖ್ಯೋಪಾಧ್ಯಾಯರೂ ಸಂತೋಷದಿಂದ ಬೀಳ್ಕೊಡರು.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ತಿನ್ನುವುದು ಪ್ರಮಾಣಪತ್ರಗಳ ದೃಢೀಕರಣ. ಪದವಿಯ ಪತ್ರವೂ ಬಿ.ಎಡ್. ಪತ್ರವೂ ರಾಜ್ಯ ಸರ್ಕಾರದ ಅಧಿಕಾರಿಗಳ ಮುದ್ರೆಯನ್ನು ಪಡೆದು, ವಿದೇಶಾಂಗ ಸಚಿವಾಲಯಕ್ಕೆ ಹೋಗಿ, ಕಡೆಗೆ ಆಯಾ ದೇಶದ ರಾಯಭಾರ ಕಚೇರಿಯನ್ನು ಮುಟ್ಟಬೇಕು. ಹೇಗ್ ಒಪ್ಪಂದದ ಅಪೊಸ್ಟೀಲ್ ಮುದ್ರೆಯನ್ನು ಮನ್ನಿಸುವ ನಾಡುಗಳಿಗೆ ಈ ಕೊನೆಯ ಮೆಟ್ಟಿಲು ಬೇಡ. ಭಾರತವು ೨೦೦೫ರಲ್ಲಿ ಆ ಒಪ್ಪಂದದೊಳಗೆ ಬಂದಿತು. ಒಮಾನ್ ೨೦೧೨ರಲ್ಲಿ, ಸೌದಿ ಅರೇಬಿಯ ೨೦೨೨ರ ಡಿಸೆಂಬರಿನಲ್ಲಿ ಬಂದವು. ಈ ಕೆಲಸಕ್ಕೆ ಕೆಲಸದ ಕಾಗದವನ್ನು ಕಾಯಬೇಕಾಗಿಲ್ಲ. ಹೊರಗೆ ಹೋಗುವ ಮನಸ್ಸು ಗಟ್ಟಿಯಾದ ದಿನವೇ ಆರಂಭಿಸತಕ್ಕದ್ದು. ಏಪ್ರಿಲಿನ ಶಾಲೆಗೆ ಹೋಗುವವರು ಹಿಂದಿನ ಡಿಸೆಂಬರಿನೊಳಗೆ, ಆಗಸ್ಟಿನವರು ಮೇ ತಿಂಗಳೊಳಗೆ ಇದನ್ನು ಮುಗಿಸಿಕೊಂಡರೆ ನಿಶ್ಚಿಂತೆ.

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ವಿಶೇಷ ಎಚ್ಚರದಿಂದಿರಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಮದುವೆಯಾದ ಮೇಲಿನ ಪತ್ರಗಳಲ್ಲಿ ಗಂಡನ ಮನೆತನದ ಹೆಸರು, ಹೀಗಿದ್ದರೆ ಮೂವರೂ ಒಬ್ಬರೇ ಎಂದು ಪರದೇಶದ ಗುಮಾಸ್ತನು ನಂಬುವುದೆಂತು? ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾ ಇಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನಗಳು ೨೦೨೨ರ ನವೆಂಬರಿನಲ್ಲಿ ನಿಯಮವನ್ನು ಮಾಡಿದವು. ತಿದ್ದುಪಡಿಗೆ ವಾರಗಳು ಹಿಡಿಯುವುವು. ಪಾಸ್‌ಪೋರ್ಟಿನ ಅವಧಿಯು ಕಡಿಮೆಯೆಂದರೆ ಆರು ತಿಂಗಳಾದರೂ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು.

ಇನ್ನು ರಾಜೀನಾಮೆಯ ಗಣಿತ. ಸಂಯುಕ್ತ ಅರಬ್ ಸಂಸ್ಥಾನಗಳ ಉದ್ಯೋಗದ ಪ್ರವೇಶಪತ್ರಕ್ಕೆ ೬೦ ದಿನಗಳ ಅವಧಿಯುಂಟು. ಅಷ್ಟರೊಳಗೆ ಆ ನೆಲವನ್ನು ಮುಟ್ಟಿದರೆ ಸಾಕು. ಇಲ್ಲಿಯ ಶಾಲೆಗೆ ಒಂದು ತಿಂಗಳ ಮುನ್ಸೂಚನೆ ಕೊಡಬೇಕೆಂದಿದ್ದರೆ, ಪ್ರವೇಶಪತ್ರವು ಕೈಗೆ ಬಂದ ದಿನ ರಾಜೀನಾಮೆಯನ್ನು ಬರೆದರೂ ಇನ್ನೂ ೩೦ ದಿನಗಳು ಪ್ರಯಾಣಕ್ಕೆ ಉಳಿಯುವುವು. ಹೀಗಿರಲು ಅವಸರವೇಕೆ? ಕೆಲಸಕ್ಕೆ ಸೇರುವ ದಿನವನ್ನು “ವೀಸಾ ದೊರೆತ ಮೇಲೆ ಇಷ್ಟು ದಿನಗಳೊಳಗೆ” ಎಂದು ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಜಾಣತನ. ಟಿಕೇಟಿನ ಖರ್ಚು ಯಾರದು, ರಜೆಯ ತಿಂಗಳುಗಳಲ್ಲಿ ಸಂಬಳ ಉಂಟೇ ಎಂಬುದೂ ಬರವಣಿಗೆಯಲ್ಲಿರಲಿ.

“ಮೊದಲು ಸಂದರ್ಶಕ ವೀಸಾದಲ್ಲಿ ಬನ್ನಿ, ಪಾಠವನ್ನು ಆರಂಭಿಸಿರಿ, ಮಿಕ್ಕದ್ದನ್ನು ಆಮೇಲೆ ನೋಡೋಣ” ಎಂದು ಹೇಳುವವರ ಮಾತಿಗೆ ಕಿವಿಗೊಡಬಾರದು. ಆ ವೀಸಾದಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ. ಪರವಾನಗಿಯಿಲ್ಲದವರನ್ನು ದುಡಿಸುವ ಧಣಿಗಳಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ತನಕ ದಂಡವೆಂದು ಅಲ್ಲಿಯ ಸರ್ಕಾರವು ೨೦೨೪ರಲ್ಲಿ ವಿಧಿಸಿತು. ಇಲ್ಲಿಯ ಏಜಂಟರ ವಿಷಯದಲ್ಲಿಯೂ ಎಚ್ಚರ ಬೇಕು. ೧೯೮೩ರ ವಲಸೆ ಕಾನೂನಿನ ನಿಯಮಗಳಂತೆ ನೋಂದಾಯಿತ ಏಜಂಟನು ತನ್ನ ಸೇವೆಗೆ ತೆರಿಗೆಯ ಹೊರತು ೩೦,೦೦೦ ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಹತ್ತನೆಯ ತರಗತಿ ತೇರ್ಗಡೆಯಾದವರ ಪಾಸ್‌ಪೋರ್ಟಿಗೆ ವಲಸೆ ಅನುಮತಿಯ ಮುದ್ರೆ ಬೇಕಾಗಿಲ್ಲ. ಉಪಾಧ್ಯಾಯರಿಂದ ಅದಕ್ಕೆಂದು ಹಣ ಕೇಳಿದರೆ ಸಂಶಯಪಡಬೇಕು.

ಪಂಚಾಂಗವನ್ನೂ ಮರೆಯಬಾರದು. ರಂಜಾನ್ ತಿಂಗಳಲ್ಲಿ ಅಲ್ಲಿಯ ಕಚೇರಿಗಳ ವೇಳೆ ಕಡಿಮೆ, ಈದ್ ಹಬ್ಬಕ್ಕೆ ಹಲವು ದಿನಗಳ ರಜೆ. ೨೦೨೫ರಲ್ಲಿ ರಂಜಾನ್ ಮಾರ್ಚಿಯಲ್ಲಿ ಬಂದಿತು. ಅದು ವರ್ಷವೊಂದಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಏಪ್ರಿಲಿಗೆ ಮುಂಚಿನ ವೀಸಾ ಕೆಲಸಕ್ಕೆ ಅಡ್ಡ ಬರುವುದುಂಟು. ಸೌದಿ, ಕುವೈತ್, ಒಮಾನ್‌ಗಳಲ್ಲಿ ವಾರದ ರಜೆ ಶುಕ್ರವಾರ ಶನಿವಾರ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ೨೦೨೨ರಿಂದ ಶನಿವಾರ ಭಾನುವಾರ.

ಶಿರೂರಿನಿಂದ ಹೊರಡುವವರಿಗೆ ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣವು ಸುಮಾರು ೧೩೦ ಕಿಲೋಮೀಟರು. ಅಲ್ಲಿಂದ ಕೊಲ್ಲಿಗೆ ೨೦೦೬ರಿಂದ ವಿಮಾನಗಳಿವೆ. ಗೋವೆ, ಮುಂಬಯಿಗಳಿಂದ ಹಾರುವವರು ಮಳೆಗಾಲದಲ್ಲಿ ಒಂದು ದಿನವನ್ನು ಕೈಯಲ್ಲಿರಿಸಿಕೊಳ್ಳಬೇಕು. ೧೯೯೮ರಲ್ಲಿ ಪೂರ್ತಿಯಾದ ಕೊಂಕಣ ರೈಲು ನಮ್ಮ ಊರಿಗೆ ನಿಲ್ದಾಣವನ್ನು ಕೊಟ್ಟಿತಾದರೂ, ಜೂನ್ ತಿಂಗಳಿನಿಂದ ಅದರ ವೇಗವೂ ಇಳಿಯುವುದು, ವೇಳಾಪಟ್ಟಿಯೂ ಬದಲಾಗುವುದು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ (ಹೆಸರೊಂದೇ, ಊರು ಬೇರೆ) ಗುಡ್ಡವು ಕುಸಿದು ಜನರ ಪ್ರಾಣವನ್ನು ತೆಗೆದುಕೊಂಡಿತು. ಉತ್ತರದ ಹೆದ್ದಾರಿಯು ಅನೇಕ ದಿನ ಮುಚ್ಚಿದ್ದಿತು. ಆಗಸ್ಟಿನ ಶಾಲೆಗೆ ಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ಕೊನೆಯದಾಗಿ ಸಂಸಾರದ ಮಾತು. ಮನೆಮಂದಿಯೆಲ್ಲ ಒಮ್ಮೆಗೇ ಹೊರಡುವುದು ಬೇಡ. ಹೋದವರಿಗೆ ಅಲ್ಲಿ ವೈದ್ಯಪರೀಕ್ಷೆಯಾಗಿ, ವಾಸದ ಪರವಾನಗಿ ದೊರೆತು, ಬಾಡಿಗೆಯ ಮನೆಯಾದ ಮೇಲೆಯೇ ಮಡದಿಮಕ್ಕಳನ್ನೋ ಪತಿಯನ್ನೋ ಕರೆಸಿಕೊಳ್ಳಲಿ. ಅಲ್ಲಿಯ ತನಕ ಮಕ್ಕಳ ವರ್ಗಾವಣೆ ಪತ್ರವನ್ನು ಶಾಲೆಯಿಂದ ತೆಗೆಯಬಾರದು. ಮದುವೆಯ ನೋಂದಣಿ ಪತ್ರ, ಮಕ್ಕಳ ಜನನಪತ್ರಗಳಿಗೂ ದೃಢೀಕರಣವು ಬೇಕಾಗುವುದರಿಂದ ಪದವಿಯ ಪತ್ರಗಳ ಜೊತೆಯಲ್ಲಿಯೇ ಅವನ್ನೂ ಕಳುಹಿಸಿದರೆ ಎರಡನೆಯ ತಿರುಗಾಟವು ತಪ್ಪುವುದು. ಇಷ್ಟನ್ನು ಕ್ರಮವಾಗಿ ಮಾಡಿಕೊಂಡವರ ಮನೆಯಲ್ಲಿ ಹೊರಡುವ ದಿನ ಹಿರಿಯರು ನಿಶ್ಚಿಂತೆಯಿಂದ ಆಶೀರ್ವದಿಸಿ ಕಳುಹಿಸಬಹುದು.