ದುಬೈನಲ್ಲಿ ಆದಾಯ ತೆರಿಗೆ ಇಲ್ಲ ಎಂದರೆ, ಅಲ್ಲಿನ ಮನೆ ಬಾಡಿಗೆಗೆ ಭಾರತದಲ್ಲೂ ತೆರಿಗೆ ಇಲ್ಲವೇ?

“ದುಬೈನಲ್ಲಿ ಫ್ಲ್ಯಾಟ್ ಕೊಂಡು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ, ಬಂದ ಹಣಕ್ಕೆ ಒಂದು ಪೈಸೆ ತೆರಿಗೆಯೂ ಇಲ್ಲ.” ಈ ಮಾತನ್ನು ನಮ್ಮಲ್ಲಿ ಹಲವರು ಕೇಳಿರುತ್ತೇವೆ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ ಕುಟುಂಬಗಳಿಗೆ ಇದು ದಿನನಿತ್ಯದ ಪ್ರಶ್ನೆಯೇ ಸರಿ. ಈ ಮಾತು ಅರ್ಧ ನಿಜ. ಆದರೆ ಉಳಿದರ್ಧವನ್ನು ತಿಳಿಯದಿದ್ದರೆ ಹತ್ತು ಲಕ್ಷ ರೂಪಾಯಿ ದಂಡ ತೆರಬೇಕಾಗಬಹುದು. ಇಲ್ಲಿನ ವಿವರಣೆ 2025-26ನೇ ಆರ್ಥಿಕ ವರ್ಷದ ಆದಾಯಕ್ಕೆ ಸಂಬಂಧಿಸಿದ್ದು.

ತೆರಿಗೆ ನಿರ್ಧಾರವಾಗುವುದು ಹೇಗೆ?

ಮನೆ ಎಲ್ಲಿದೆ ಎಂಬುದರ ಜೊತೆಗೆ, ಮಾಲೀಕರು ಎಲ್ಲಿ ವಾಸವಾಗಿದ್ದಾರೆ ಎಂಬುದನ್ನೂ ಕಾನೂನು ನೋಡುತ್ತದೆ. ಪೌರತ್ವ ಇಲ್ಲಿ ಮುಖ್ಯವಲ್ಲ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವರು ತೆರಿಗೆಯ ಲೆಕ್ಕದಲ್ಲಿ ‘ನಿವಾಸಿ’. ಇನ್ನೂ ಕಡಿಮೆ ದಿನ ಇದ್ದವರೂ ಕೆಲವು ಸಂದರ್ಭಗಳಲ್ಲಿ ನಿವಾಸಿಯಾಗುತ್ತಾರೆ. ಸಾಮಾನ್ಯ ನಿವಾಸಿಯು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ ಆದಾಯವನ್ನಾದರೂ ಭಾರತದಲ್ಲಿ ತೋರಿಸಬೇಕು. ಎನ್‌ಆರ್‌ಐ ಆಗಿದ್ದರೆ ವಿದೇಶಿ ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ.

ಊರಿಗೆ ಮರಳಿದವರಿಗೆ ನಡುವೆ ಒಂದು ಮೆಟ್ಟಿಲಿದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು ಬಂದ ಕೂಡಲೇ ಸಾಮಾನ್ಯ ನಿವಾಸಿಯಾಗುವುದಿಲ್ಲ. ಆ ಅವಧಿಯಲ್ಲಿ ಅವರ ವಿದೇಶಿ ಬಾಡಿಗೆಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆದರೆ ಈ ವಿನಾಯಿತಿ ಶಾಶ್ವತವಲ್ಲ. “ನಾನು ಎನ್‌ಆರ್‌ಐ ಆಗಿದ್ದಾಗ ಕೊಂಡ ಮನೆ” ಎಂಬ ಕಾರಣ ಆಮೇಲೆ ನಡೆಯುವುದಿಲ್ಲ.

ಎರಡು ದೇಶಗಳ ಒಪ್ಪಂದ ಇದೆಯಲ್ಲ?

ಇದೆ, ತಪ್ಪು ತಿಳಿವಳಿಕೆ ಹುಟ್ಟಿರುವುದೂ ಅಲ್ಲೇ. ಸ್ಥಿರಾಸ್ತಿಯ ಆದಾಯಕ್ಕೆ ಆ ಆಸ್ತಿ ಇರುವ ದೇಶ ‘ತೆರಿಗೆ ವಿಧಿಸಬಹುದು’ ಎಂದು ಇಂಥ ಒಪ್ಪಂದಗಳು ಹೇಳುತ್ತವೆ. ಹಾಗಾದರೆ ಭಾರತಕ್ಕೆ ಆ ಹಕ್ಕಿಲ್ಲವೇ? ಮಲೇಷ್ಯಾದ ರಬ್ಬರ್ ತೋಟದ ಆದಾಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ತೆರಿಗೆದಾರರ ಪರ ತೀರ್ಪು ನೀಡಿತ್ತು. ಆದರೆ 2008ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ‘ವಿಧಿಸಬಹುದು’ ಎಂದಿರುವ ಕಡೆ ಆ ಆದಾಯವನ್ನು ಭಾರತದ ಲೆಕ್ಕಕ್ಕೂ ಸೇರಿಸಬೇಕು, ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದದ ಪ್ರಕಾರ ಪರಿಹಾರ ಕೊಡಬೇಕು ಎಂದು ಸ್ಪಷ್ಟಪಡಿಸಿತು. ಹಳೆಯ ತೀರ್ಪಿನ ಆಧಾರದ ಮೇಲೆ ಇಂದು ಆದಾಯವನ್ನು ಬಿಟ್ಟುಬಿಡುವುದು ಅಪಾಯಕಾರಿ.

ಲೆಕ್ಕ ಹೇಗೆ?

ಒಂದು ಉದಾಹರಣೆ ನೋಡೋಣ. ವರ್ಷದ ಬಾಡಿಗೆ 10 ಲಕ್ಷ ರೂಪಾಯಿ ಎಂದುಕೊಳ್ಳಿ. ಅಲ್ಲಿನ ಸ್ಥಳೀಯ ಸಂಸ್ಥೆಗೆ ಮಾಲೀಕರೇ ಕಟ್ಟಿದ ಆಸ್ತಿ ತೆರಿಗೆ 1 ಲಕ್ಷ. ಉಳಿದ 9 ಲಕ್ಷದಲ್ಲಿ ಶೇ 30, ಅಂದರೆ 2.7 ಲಕ್ಷ, ದುರಸ್ತಿ ಇತ್ಯಾದಿ ಖರ್ಚಿಗೆಂದು ಕಡಿತವಾಗುತ್ತದೆ. ಇದಕ್ಕೆ ಬಿಲ್ ಬೇಕಿಲ್ಲ. ಸಾಲವಿದ್ದರೆ ಬಡ್ಡಿಯನ್ನೂ ಕಳೆಯಬಹುದು. ಇಲ್ಲಿ ಸಾಲವಿಲ್ಲ ಎಂದುಕೊಳ್ಳೋಣ. ತೆರಿಗೆಗೆ ಒಳಪಡುವ ಮೊತ್ತ 6.3 ಲಕ್ಷ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಬಿಟ್ಟು ತೆರಿಗೆ 1.89 ಲಕ್ಷ.

• ವಿದೇಶದಲ್ಲಿ ತೆರಿಗೆ ಇಲ್ಲದಿದ್ದರೆ: 1.89 ಲಕ್ಷವನ್ನೂ ಇಲ್ಲೇ ಕಟ್ಟಬೇಕು. ದುಬೈನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲದ ಕಾರಣ ಆಗುವುದು ಇದೇ.
• ಅಲ್ಲಿ 1.2 ಲಕ್ಷ ಆದಾಯ ತೆರಿಗೆ ಕಟ್ಟಿದ್ದರೆ: ಇಲ್ಲಿ ಉಳಿಯುವುದು 69 ಸಾವಿರ.
• ಅಲ್ಲಿ 2.5 ಲಕ್ಷ ಕಟ್ಟಿದ್ದರೆ: ಇಲ್ಲಿ ಏನೂ ಇಲ್ಲ, ಆದರೆ ಹೆಚ್ಚುವರಿ 61 ಸಾವಿರವನ್ನು ಭಾರತ ಮರಳಿಸುವುದಿಲ್ಲ.

ಬ್ರಿಟನ್‌ನಂಥ ದೇಶದಲ್ಲಿ ಮನೆಯಿದ್ದರೆ ಎರಡನೆಯ ಅಥವಾ ಮೂರನೆಯ ಸಂದರ್ಭ ಎದುರಾಗಬಹುದು. ಅಲ್ಲಿ ಹೊರದೇಶದಲ್ಲಿ ವಾಸಿಸುವ ಮಾಲೀಕರ ಬಾಡಿಗೆಯಿಂದ, ಮುಂಚಿತವಾಗಿ ಅನುಮತಿ ಪಡೆಯದಿದ್ದರೆ, ಏಜೆಂಟರೇ ಶೇ 20 ತೆರಿಗೆ ಹಿಡಿದುಕೊಳ್ಳುತ್ತಾರೆ. ಈ ತೆರಿಗೆಗೆ ಇಲ್ಲಿ ರಿಯಾಯಿತಿ ಸಿಗಬೇಕಾದರೆ, ಕಟ್ಟಿದ ಪುರಾವೆಯೊಂದಿಗೆ ಫಾರ್ಮ್ 67 ಸಲ್ಲಿಸಬೇಕು.

ಒಂದು ಎಚ್ಚರಿಕೆ: ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಮನೆ ಕೊಟ್ಟು, ಶುಚಿತ್ವ, ಊಟ, ಸ್ವಾಗತದಂಥ ಸೇವೆಗಳನ್ನೂ ಒದಗಿಸಿದರೆ ಅದನ್ನು ವ್ಯಾಪಾರದ ಆದಾಯ ಎಂದು ಪರಿಗಣಿಸಬಹುದು. ಆಗ ಶೇ 30ರ ಕಡಿತ ಸಿಗುವುದಿಲ್ಲ, ನಿಜವಾದ ಖರ್ಚಿನ ಲೆಕ್ಕ ಇಡಬೇಕು.

ಬಾಡಿಗೆಯೇ ಇಲ್ಲದಿದ್ದರೆ?

ರಜೆಗೆ ಹೋದಾಗ ನೀವೇ ಉಳಿಯಲು ಇಟ್ಟುಕೊಂಡ ಮನೆಯೇ? ಸ್ವಂತ ವಾಸದ ಎರಡು ಮನೆಗಳವರೆಗೆ ಕಾಲ್ಪನಿಕ ಬಾಡಿಗೆಯ ಲೆಕ್ಕವಿಲ್ಲ. ಆದರೆ ತೆರಿಗೆ ಶೂನ್ಯವಾದರೂ ಮಾಹಿತಿ ಕೊಡುವುದು ಕಡ್ಡಾಯ. ಹಲವರು ಎಡವುವುದು ಇಲ್ಲೇ.

ಸಾಮಾನ್ಯ ನಿವಾಸಿಗಳು ವಿದೇಶದಲ್ಲಿರುವ ಮನೆಯನ್ನೂ, ಬಾಡಿಗೆ ಜಮೆಯಾಗುವ ಬ್ಯಾಂಕ್ ಖಾತೆಯನ್ನೂ ರಿಟರ್ನ್‌ನ ಷೆಡ್ಯೂಲ್ ಎಫ್‌ಎ ಭಾಗದಲ್ಲಿ ತೋರಿಸಬೇಕು. ಇದರ ಲೆಕ್ಕ ಏಪ್ರಿಲ್‌ನಿಂದ ಅಲ್ಲ, ಜನವರಿಯಿಂದ ಡಿಸೆಂಬರ್‌ವರೆಗೆ. ಐಟಿಆರ್-1ರಲ್ಲಿ ಈ ಭಾಗವಿಲ್ಲ, ಐಟಿಆರ್-2 ಅಥವಾ 3 ಬಳಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. ಪ್ರಾಮಾಣಿಕವಾಗಿ ತೆರಿಗೆ ಕಟ್ಟಿದ ಹಣದಿಂದಲೇ ಕೊಂಡ ಮನೆಯಾದರೂ ಸರಿ. 2024ರ ಅಕ್ಟೋಬರ್‌ನಿಂದ ಒಟ್ಟು 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಈ ದಂಡದಿಂದ ವಿನಾಯಿತಿ ಇದೆ, ಆದರೆ ಸ್ಥಿರಾಸ್ತಿಗೆ ಅದು ಅನ್ವಯಿಸುವುದಿಲ್ಲ.

“ಅಲ್ಲಿಯದು ಇಲ್ಲಿಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಬಹುದು. ಯುಎಇ ಸೇರಿದಂತೆ ಹಲವು ದೇಶಗಳು ಭಾರತೀಯ ನಿವಾಸಿಗಳ ಬ್ಯಾಂಕ್ ಖಾತೆಗಳ ವಿವರವನ್ನು ಪ್ರತಿವರ್ಷ ಭಾರತಕ್ಕೆ ಕಳುಹಿಸುತ್ತವೆ. ಖಾತೆಗೆ ತಿಂಗಳು ತಿಂಗಳು ಬರುವ ಬಾಡಿಗೆಯೇ ಮನೆಯ ಸುಳಿವು ಕೊಡುತ್ತದೆ.

ಕೊನೆಯದಾಗಿ

ದುಬೈನಲ್ಲಿ ತೆರಿಗೆ ಇಲ್ಲ ಎಂಬುದು ಸರಿ, ಅದರಿಂದ ಭಾರತದಲ್ಲೂ ಇಲ್ಲ ಎಂಬುದು ತಪ್ಪು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ, ನಿವಾಸಿಯ ಜಾಗತಿಕ ಆದಾಯಕ್ಕೆ ತೆರಿಗೆ ಎಂಬ ಮೂಲ ತತ್ವ ಬದಲಾಗಿಲ್ಲ. ಮೊದಲು ನೀವು ಆ ವರ್ಷ ನಿವಾಸಿಯೇ ಎಂಬುದನ್ನು ಪಾಸ್‌ಪೋರ್ಟ್‌ನ ಮುದ್ರೆಗಳನ್ನು ನೋಡಿ ದಿನ ಎಣಿಸಿ ಖಚಿತಪಡಿಸಿಕೊಳ್ಳಿ. ಸಲ್ಲಿಸಿದ ರಿಟರ್ನ್‌ನಲ್ಲಿ ಮನೆ ಬಿಟ್ಟುಹೋಗಿದ್ದರೆ, ಅವಧಿ ಮುಗಿಯುವ ಮೊದಲೇ ಪರಿಷ್ಕೃತ ರಿಟರ್ನ್ ಸಲ್ಲಿಸಿ. ವಿದೇಶಿ ಆದಾಯದ ಅನುಭವವಿರುವ ಸಿಎ ಒಬ್ಬರಿಗೆ ಕೊಡುವ ಶುಲ್ಕ, ಆ ದಂಡದ ಮುಂದೆ ದೊಡ್ಡದಲ್ಲ.